ಏರಿನಲ್ಲಿ ಸೋಲುವ ಪಿಕಪ್: ಹೊಗೆಯಿಲ್ಲದ ಒಂದು ದೂರು

ವಾಹನ 2009ರ ಪಿಕಪ್. ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಎಂಜಿನ್. ಹೊರಹೋಗುವ ಬಿಸಿಗಾಳಿಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆ ಡೀಸೆಲ್ ಹಂಚುವುದು ವಿಇ ಮಾದರಿಯ ರೋಟರಿ ಪಂಪ್. ಎಲ್ಲವೂ ಯಾಂತ್ರಿಕ, ಕಂಪ್ಯೂಟರಿಲ್ಲ, ಸ್ಕ್ಯಾನರ್ ಚುಚ್ಚುವ ಜಾಗವೂ ಇಲ್ಲ. ಕಿಲೋಮೀಟರ್ ಎಣಿಸುವ ಅಂಕಿಗಳು 2,80,000ದ ಆಸುಪಾಸಿನಲ್ಲಿ ಎಂದೋ ನಿಂತುಹೋಗಿದ್ದರಿಂದ ಗಾಡಿ ನಿಜವಾಗಿ ಎಷ್ಟು ಓಡಿದೆ ಎಂಬುದು ಮಾಲೀಕರಿಗೂ ಗೊತ್ತಿರಲಿಲ್ಲ. ಅವರು ಲಕ್ಷ್ಮೇಶ್ವರದ ಕಡೆಯ ರೈತರು. ತಮ್ಮದೂ ನೆರೆಹೊರೆಯವರದೂ ಈರುಳ್ಳಿಯನ್ನು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ತರುತ್ತಾರೆ. ಬೆಳಗಾವಿಯಲ್ಲಿ ದರ ಚೆನ್ನಾಗಿದ್ದರೆ ಅಲ್ಲಿಯವರೆಗೂ ಒಯ್ಯುತ್ತಾರೆ. ಓಡಿಸುವವನು ಅವರ ತಂಗಿಯ ಮಗ.

ದೂರು ಒಂದೇ ಸಾಲಿನದು: ಗಾಡಿ ಎಳೆಯುತ್ತಿಲ್ಲ. ಬಿಡಿಸಿ ಕೇಳಿದಾಗ ಅದು ಹೀಗಿತ್ತು. ಬೆಳಿಗ್ಗೆ ಊರು ಬಿಟ್ಟ ಮೇಲೆ ಎಂಟು ಹತ್ತು ಕಿಲೋಮೀಟರ್ ಹಳೆಯ ಗಾಡಿಯೇ ಇದು ಎಂದು ಬೆರಗಾಗುವಷ್ಟು ಚೆನ್ನಾಗಿ ಓಡುತ್ತದೆ. ಆಮೇಲೆ ನಿಧಾನವಾಗಿ ಮಂಕಾಗುತ್ತದೆ. ಸಪಾಟು ರಸ್ತೆಯಲ್ಲಿ 60ರ ಮೇಲೆ ಮುಳ್ಳು ಏಳುವುದಿಲ್ಲ. ಹುಬ್ಬಳ್ಳಿ ದಾಟಿ ಧಾರವಾಡದ ಏರು ಸಿಕ್ಕಿತೆಂದರೆ ನಾಲ್ಕನೆಯ ಗೇರಿನಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯಲೇಬೇಕು. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತ ಸಾಲುಗಟ್ಟುತ್ತವೆ. ಖಾಲಿ ಗಾಡಿಯಲ್ಲಿ ಈ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೀರು ಕಾಯುವುದಿಲ್ಲ, ಆಯಿಲ್ ಕುಡಿಯುವುದಿಲ್ಲ, ಚಳಿಯಲ್ಲೂ ಅರ್ಧ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ.

ಗೋಕುಲ ರಸ್ತೆಯ ನಮ್ಮ ಗ್ಯಾರೇಜಿಗೆ ಬರುವ ಮೊದಲು ಗಾಡಿ ಮೂರು ಕೈ ದಾಟಿತ್ತು. ಮಾಲೀಕರು ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡಿದ್ದರು. ಇಂಥ ಗಿರಾಕಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸವು. ನಂತರ ಒಬ್ಬರು ಟರ್ಬೊದ ಒತ್ತಡ ಅಳೆದು, ಕಡಿಮೆ ಬರುತ್ತಿದೆ ಎಂದು ಟರ್ಬೊವನ್ನೇ ಬದಲಿಸಿದ್ದರು. ಅದೂ ಫಲ ಕೊಡದಿದ್ದಾಗ ನಾಲ್ಕೂ ನಾಝಲ್ ಹೊಸದಾಗಿ, ಪಂಪ್ ಇಳಿಸಿ ಕ್ಯಾಲಿಬ್ರೇಷನ್ ಬೆಂಚಿಗೆ (ಪಂಪನ್ನು ಗಾಡಿಯ ಹೊರಗೆ ತಿರುಗಿಸಿ ಅದು ಕೊಡುವ ಡೀಸೆಲ್ ಅಳೆಯುವ ಯಂತ್ರಕ್ಕೆ) ಹಾಕಿಸಿ, ಸರಿಯಿದೆ ಎಂಬ ಚೀಟಿ ತಂದಿದ್ದರು. ಎಲ್ಲ ಸೇರಿ ₹40,000 ದಾಟಿತ್ತು. ಮುಂದಿನ ಸಲಹೆ ಎಂಜಿನ್ ಬಿಚ್ಚಿ ಬೋರು, ರಿಂಗು ಮಾಡಿಸುವುದು, ಅಂದರೆ ಸಿಲಿಂಡರ್ ಕೊರೆಸಿ ಪಿಸ್ಟನ್ ರಿಂಗು ಬದಲಿಸುವುದು. ಅಷ್ಟರಲ್ಲಿ ಯಾರೋ ಹೇಳಿ ನಮ್ಮಲ್ಲಿಗೆ ಕಳಿಸಿದರು.

ಹಿಂದಿನವರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅವರ ಒಂದೊಂದು ಹೆಜ್ಜೆಗೂ ಕಾರಣವಿತ್ತು. ಬಿಸಿಯಾದ ಮೇಲೆ ಎಳೆತ ಹೋಗುತ್ತದೆ ಎಂದರೆ ಸವೆದ ಪಂಪಿನ ಮೇಲೆ ಅನುಮಾನ ಬರುವುದು ಸಹಜ, ಏಕೆಂದರೆ ಕಾಯ್ದ ಡೀಸೆಲ್ ತೆಳ್ಳಗಾಗಿ ಸವೆದ ಹೆಡ್ಡಿನ ಸಂದಿಯಲ್ಲಿ ಸೋರಿಹೋಗುತ್ತದೆ. ಟರ್ಬೊ ಒತ್ತಡ ಕಡಿಮೆಯೆಂದು ತೋರಿಸಿದ ಮೀಟರೂ ಸುಳ್ಳು ಹೇಳಿರಲಿಲ್ಲ. ಆದರೆ ಪ್ರತಿಯೊಬ್ಬರೂ ಒಂದು ಭಾಗವನ್ನು ನೋಡಿ ಅದನ್ನು ಬದಲಿಸಿ ಕೈ ತೊಳೆದುಕೊಂಡಿದ್ದರು. ಕೊರತೆ ಡೀಸೆಲ್‌ನದೋ ಗಾಳಿಯದೋ ಎಂಬ ಪ್ರಶ್ನೆಯನ್ನು ಯಾರೂ ಮೊದಲು ಇತ್ಯರ್ಥ ಮಾಡಿಕೊಂಡಿರಲಿಲ್ಲ.

ಹೊಗೆ ಹೇಳಿದ್ದು

ನಾನು ಫೋನಿನಲ್ಲೇ ಹೇಳಿದ್ದೆ: "ಕಾಕಾ, ಖಾಲಿ ಗಾಡಿ ತರಬೇಡಿ. ಈರುಳ್ಳಿ ತುಂಬಿಕೊಂಡೇ ಬನ್ನಿ." ಎಳೆತದ ದೂರನ್ನು ಗ್ಯಾರೇಜಿನ ನೆಲದ ಮೇಲೆ ನಿಲ್ಲಿಸಿ ರೇಸ್ ಮಾಡಿ ಪರೀಕ್ಷಿಸುವವರಿದ್ದಾರೆ. ಭಾರವಿಲ್ಲದ ಎಂಜಿನ್ ಸ್ವಲ್ಪ ಡೀಸೆಲ್ ಸಿಕ್ಕರೂ ಗರ್ಜಿಸುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಸಂಜೆ ಸುಮಾರು ಒಂದು ಟನ್ ಈರುಳ್ಳಿಯೊಂದಿಗೆ ಗಾಡಿ ಬಂತು. ಲಕ್ಷ್ಮೇಶ್ವರದಿಂದ ಬಂದು ಎಂಜಿನ್ ಚೆನ್ನಾಗಿ ಕಾಯ್ದಿದ್ದರಿಂದ ಹಾಗೆಯೇ ಧಾರವಾಡದ ರಸ್ತೆ ಹಿಡಿದೆವು. ರಾಯಾಪುರ ದಾಟಿ ಸತ್ತೂರಿನ ಕಡೆಗೆ ಏರುವಾಗ ಹುಡುಗ ಹೇಳಿದ್ದೆಲ್ಲ ಕಣ್ಣೆದುರಿಗೆ ನಡೆಯಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಸೈಲೆನ್ಸರನ್ನೇ ನೋಡುತ್ತಿದ್ದೆ. ಎಕ್ಸಿಲರೇಟರ್ ಪೂರ್ತಿ ಒತ್ತಿದೆ, ಗೇರು ಮೂರು, ವೇಗ ಇಳಿಯುತ್ತಿದೆ, ಆದರೆ ಹೊಗೆ ಇಲ್ಲ.

ಈ ಪ್ರಕರಣದ ಕೀಲಿ ಇದೇ ಆಗಿದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಗಾಳಿಯ ದಾರಿಗೆ ಬಾಗಿಲು ಇಂಥ ಡೀಸೆಲ್ ಎಂಜಿನ್ನಿನಲ್ಲಿಲ್ಲ. ಎಳೆದಷ್ಟೂ ಗಾಳಿ ಒಳಗೆ ಬರುತ್ತದೆ. ಚಾಲಕ ಕಾಲಿನಿಂದ ಹೆಚ್ಚು ಕಡಿಮೆ ಮಾಡುವುದು ಡೀಸೆಲನ್ನು ಮಾತ್ರ. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಬರುತ್ತಿದ್ದರೆ ಅದು ಸರಿಯಾಗಿ ಉರಿಯದೆ ಮಸಿಯಾಗಿ ಕಪ್ಪು ಹೊಗೆಯಾಗುತ್ತದೆ. ಏರ್ ಫಿಲ್ಟರ್ ಕಟ್ಟಿದರೆ, ಇಂಟೇಕ್ ಹೋಸ್ ಹರಿದರೆ ಭಾರದಲ್ಲಿ ಸಾಮಾನ್ಯವಾಗಿ ಕಪ್ಪು ಹೊಗೆ ಏಳುತ್ತದೆ. ಬಿಳಿ ಹೊಗೆಯೆಂದರೆ ಡೀಸೆಲ್ ಉರಿಯದೆ ಆವಿಯಾಗಿ ಹೋಗುತ್ತಿದೆ. ಟೈಮಿಂಗ್ ಹಿಂದೆ ಬಿದ್ದಿರಬಹುದು, ಕಂಪ್ರೆಷನ್ ಇಲ್ಲದಿರಬಹುದು. ನೀಲಿಯೆಂದರೆ ಆಯಿಲ್. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಎಂಜಿನ್ನಿಗೆ ಸಿಕ್ಕಷ್ಟು ಡೀಸೆಲ್ ಸ್ವಚ್ಛವಾಗಿ ಉರಿಯುತ್ತಿದೆ, ಆದರೆ ಸಿಗುತ್ತಿರುವುದೇ ಕಡಿಮೆ. 

ಇನ್ನೊಂದು ಸಣ್ಣ ಗುರುತೂ ಸಿಕ್ಕಿತು. ಸಿಗ್ನಲಿನಲ್ಲಿ ನಿಂತು ಹೊರಡುವಾಗ ಮಾತ್ರ ಒಂದು ಗುಕ್ಕು ಕಪ್ಪು ಹೊಗೆ ಬಂದು ಮಾಯವಾಗುತ್ತಿತ್ತು. ಅದನ್ನು ಬರೆದಿಟ್ಟುಕೊಂಡೆ. ಅದರ ಅರ್ಥ ಕೊನೆಯಲ್ಲಿ ತಿಳಿಯಿತು.

ತಳ್ಳಿಹಾಕಿದ್ದು

ಎಂಜಿನ್ನಿನದೇ ದೋಷವೇ ಎಂಬುದನ್ನು ಬೇಗ ಮುಗಿಸಿದೆವು. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸದ್ದು ಏರಿ ವೇಗ ಏರದೆ ಉಳಿಯುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಕುಸಿಯುತ್ತಿದ್ದವು. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರದ ಡ್ರಮ್ ಕಾಯಬೇಕು. ನಾಲ್ಕೂ ಒಂದೇ ಹದದಲ್ಲಿದ್ದವು. ಹುಡುಗನಿಗೆ ಎಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ ಬಾನೆಟ್ ಎತ್ತಿ ನೋಡಿದಾಗ ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗುತ್ತಿತ್ತು. ಕೇಬಲ್ ಸಡಿಲಾಗಿ, ಕಾಲಡಿಯ ಮ್ಯಾಟ್ ದಪ್ಪಗಾಗಿ ಲಿವರ್ ಪೂರ್ತಿ ಹೋಗದ ಎಷ್ಟೋ ಗಾಡಿಗಳು ಪಂಪ್ ಅಂಗಡಿ ಕಂಡಿವೆ. ಇದನ್ನು ನೋಡಲು ಒಂದು ನಿಮಿಷವೂ ಬೇಕಾಗಿಲ್ಲ.

ಡೀಸೆಲ್ ಪಂಪಿನವರೆಗೆ ಬರುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. ಹಳೆಯ ಟ್ಯಾಂಕಿನೊಳಗಿನ ಜಾಲರಿಗೆ ಕೆಸರು ಅಂಟುತ್ತದೆ, ಮುಚ್ಚಳದ ಗಾಳಿರಂಧ್ರ ಎರೆ ಮಣ್ಣಿನ ಧೂಳಿಗೆ ಮುಚ್ಚಿಹೋಗುತ್ತದೆ, ರಬ್ಬರ್ ಪೈಪು ಒಳಗಿನಿಂದ ಸಿಪ್ಪೆ ಬಿಡುತ್ತದೆ. "ಸ್ವಲ್ಪ ದೂರ ಸರಿ, ಆಮೇಲೆ ಮಂಕು" ಎಂಬ ದೂರು ಇವೆಲ್ಲಕ್ಕೂ ಹೊಂದುತ್ತದೆ. ಒಂದೊಂದನ್ನೇ ಬಿಚ್ಚುತ್ತ ಕೂರುವ ಬದಲು ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿ, ಬಾನೆಟ್ ಪಕ್ಕ ಕಟ್ಟಿ, ನೇರವಾಗಿ ಫಿಲ್ಟರಿಗೆ ಪೈಪು ಕೊಟ್ಟೆವು. ಟ್ಯಾಂಕ್, ಮುಚ್ಚಳ, ಉದ್ದನೆಯ ಲೈನು ಎಲ್ಲವೂ ಒಂದೇ ಏಟಿಗೆ ಆಟದಿಂದ ಹೊರಗೆ. ಏರಿನಲ್ಲಿ ಗಾಡಿ ಮೊದಲಿನಂತೆಯೇ ಸೋತಿತು. ಹಾಗಾದರೆ ಪಂಪಿಗೆ ಬರುವ ಡೀಸೆಲ್‌ನಲ್ಲಿ ತೊಂದರೆಯಿಲ್ಲ. ಪಂಪಿನಿಂದ ಹೊರಗೆ ಹೋಗುವುದು ಕಡಿಮೆ.

ಬೋರು, ರಿಂಗಿನ ಮಾತು ಮಾಲೀಕರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಎಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಬೋರಲು ಇಟ್ಟು ತೋರಿಸಿದೆ. ಮುಚ್ಚಳ ಕುಣಿಯಲಿಲ್ಲ. ರಿಂಗು ಸವೆದು ಗಾಳಿ ಕೆಳಗೆ ನುಗ್ಗುತ್ತಿದ್ದರೆ ಅದು ಹಾರಿಬೀಳುತ್ತದೆ. ಬೆಳಗಿನ ಚಳಿಗೆ ಅರ್ಧ ಸೆಲ್ಫಿನಲ್ಲಿ ಏಳುವ ಎಂಜಿನ್ನಿಗೆ ನಾಝಲ್ ಬಿಚ್ಚಿ ಕಂಪ್ರೆಷನ್ ಮೀಟರ್ ಹಾಕುವ ಅಗತ್ಯ ನನಗೆ ಕಾಣಲಿಲ್ಲ.

ಬೆಂಚಿನಲ್ಲಿ ಸರಿ, ಗಾಡಿಯಲ್ಲಿ ತಪ್ಪು

ಈಗ ಗಂಟು ಬಿದ್ದದ್ದು ಇಲ್ಲಿ. ಪಂಪ್ ಕಡಿಮೆ ಡೀಸೆಲ್ ಕೊಡುತ್ತಿದೆ. ಆದರೆ ಅದೇ ಪಂಪ್ ಬೆಂಚಿನ ಮೇಲೆ ಪೂರ್ತಿ ಕೊಟ್ಟಿದೆ. ಎರಡೂ ನಿಜವಾಗಿದ್ದರೆ, ಬೆಂಚಿನ ಮೇಲೆ ಪಂಪಿಗೆ ಸಿಗುವ ಏನೋ ಒಂದು ಗಾಡಿಯಲ್ಲಿ ಸಿಗುತ್ತಿಲ್ಲ.

ಟರ್ಬೊ ಎಂಜಿನ್ನಿನ ವಿಇ ಪಂಪಿನ ನೆತ್ತಿಯ ಮೇಲೆ ನಾಲ್ಕು ಸ್ಕ್ರೂಗಳ ಒಂದು ಗುಂಡನೆಯ ಮುಚ್ಚಳವಿರುತ್ತದೆ. ಪಂಪ್ ಅಂಗಡಿಯವರು ಎಲ್‌ಡಿಎ ಎನ್ನುತ್ತಾರೆ. ಒಳಗೆ ರಬ್ಬರಿನ ಪೊರೆ, ಅದರಡಿ ಸ್ಪ್ರಿಂಗು, ಸ್ಪ್ರಿಂಗಿನ ನಡುವೆ ಓರೆಯಾಗಿ ಕಡೆದ ಒಂದು ಸಲಾಕೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪು ಟರ್ಬೊದ ಒತ್ತಡವನ್ನು ಈ ಮುಚ್ಚಳಕ್ಕೆ ತಲುಪಿಸುತ್ತದೆ. ಒತ್ತಡ ಬಂದಾಗ ಪೊರೆ ಕೆಳಗಿಳಿದು, ಸಲಾಕೆ ಸರಿದು, ಪಂಪಿನೊಳಗಿನ ಲಿವರಿಗೆ ಇನ್ನಷ್ಟು ಡೀಸೆಲ್ ಬಿಡಲು ಅಪ್ಪಣೆ ಸಿಗುತ್ತದೆ. ಒತ್ತಡ ಬಾರದಿದ್ದರೆ ಗಾಳಿ ಕಡಿಮೆಯಿದೆ ಎಂದೇ ಪಂಪ್ ತಿಳಿದು, ಹೊಗೆಯಾಗದಂತೆ ಡೀಸೆಲನ್ನು ಬಿಗಿಹಿಡಿಯುತ್ತದೆ. ಬೆಂಚಿನಲ್ಲಿ ಈ ಮುಚ್ಚಳಕ್ಕೆ ಗಾಳಿ ಕೊಡುವುದು ಟರ್ಬೊ ಅಲ್ಲ, ಅಂಗಡಿಯ ಕಂಪ್ರೆಸರ್. ಆದ್ದರಿಂದ ಅಲ್ಲಿ ಲೆಕ್ಕ ಸರಿಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಜೊತೆಗೆ ಒಂದು ಸುಳಿಯೂ ಇದೆ. ಡೀಸೆಲ್ ಕಡಿಮೆ ಉರಿದರೆ ಹೊರಹೋಗುವ ಬಿಸಿಗಾಳಿಯ ಬಲ ಕಡಿಮೆ. ಆ ಬಲವೇ ಟರ್ಬೊವನ್ನು ತಿರುಗಿಸುವುದರಿಂದ ಒತ್ತಡವೂ ಕಡಿಮೆ. ಒತ್ತಡ ಕಡಿಮೆಯಾದರೆ ಡೀಸೆಲ್ ಮತ್ತೂ ಕಡಿಮೆ. ಹೀಗಾಗಿ ಎಲ್‌ಡಿಎ ಪೈಪು ಕೆಟ್ಟಾಗಲೂ ಟರ್ಬೊ ಮೀಟರ್ ಕೆಳಗೇ ಇರುತ್ತದೆ. ಅದನ್ನು ನೋಡಿ ಟರ್ಬೊ ಬದಲಿಸಿದವರಿಗೆ ಕಾರ್ಯವೇ ಕಾರಣವಾಗಿ ಕಂಡಿತ್ತು.

ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಬೇರ್ಪಡಿಸಲು ಎರಡು ಮೀಟರ್ ಬೇಕು. ಒಂದನ್ನು ಮ್ಯಾನಿಫೋಲ್ಡಿಗೆ ಕೊಟ್ಟೆವು. ಇನ್ನೊಂದನ್ನು ಎಲ್‌ಡಿಎ ಮುಚ್ಚಳಕ್ಕೆ ಕೊಡಬೇಕಿತ್ತು, ಆದರೆ ಅಲ್ಲಿನ ಪೈಪಿನ ಜೋಡಣೆಯನ್ನು ಅಲುಗಿಸದೆ. ಬಿಚ್ಚಿ ಮತ್ತೆ ಬಿಗಿದರೆ ದೋಷ ತಾನಾಗಿ ಮಾಯವಾಗಿ, ಮತ್ತೆ ಮರಳಿ ಬರುವ ಅಪಾಯವಿದೆ. ಹಾಗಾಗಿ ಬ್ಯಾಂಜೊ ಬೋಲ್ಟನ್ನು (ಪೈಪಿನ ತುದಿಯ ಬಳೆಯಂಥ ಕಣ್ಣನ್ನು ಹಿಡಿದಿಡುವ, ಒಳಗೆ ಗಾಳಿಗೆ ರಂಧ್ರವಿರುವ ಬೋಲ್ಟು) ಮಾತ್ರ ತೆಗೆದು, ಎರಡು ಕಣ್ಣು ಕೂರುವ ಉದ್ದನೆಯ ಬೋಲ್ಟ್ ಹಾಕಿ, ಎರಡನೆಯ ಕಣ್ಣಿನಿಂದ ಮೀಟರಿಗೆ ಲೈನು ಎಳೆದೆವು. ಎರಡೂ ಮೀಟರ್‌ಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಅಕ್ಕಪಕ್ಕ ಅಂಟಿಸಿ ಗಾಡಿಯನ್ನು ರಾತ್ರಿ ತಣ್ಣಗಾಗಲು ಬಿಟ್ಟೆವು.

ಬೆಳಿಗ್ಗೆ ಎಪಿಎಂಸಿಯ ಹರಾಜಿಗೆ ಮೊದಲೇ ಹೊರಟೆವು. ಕಾಕಾ ನಡುವೆ ಕೂತು ಮೀಟರ್ ಓದುತ್ತಿದ್ದರು. ವಿದ್ಯಾನಗರ ದಾಟಿ ಉಣಕಲ್ ಕೆರೆಯವರೆಗೂ ಗಾಡಿ ಚೆನ್ನಾಗಿ ಎಳೆಯಿತು. ಪೂರ್ತಿ ಒತ್ತಿದಾಗ ಎರಡೂ ಮುಳ್ಳುಗಳು 0.75 ಬಾರ್ ತೋರಿಸುತ್ತಿದ್ದವು. ಭೈರಿದೇವರಕೊಪ್ಪ ಕಳೆದ ಮೇಲೆ ಎರಡನೆಯದು ಹಿಂದೆ ಬೀಳತೊಡಗಿತು. ಮ್ಯಾನಿಫೋಲ್ಡಿನಲ್ಲಿ ಇನ್ನೂ 0.7, ಪಂಪಿನಲ್ಲಿ 0.5. ನವನಗರದ ಹತ್ತಿರ ಪಂಪಿನಲ್ಲಿ 0.25ಕ್ಕೆ ಇಳಿದಾಗ ಮ್ಯಾನಿಫೋಲ್ಡಿನ ಮುಳ್ಳೂ ಅದರ ಹಿಂದೆ ಇಳಿಯಲು ಶುರುವಾಯಿತು. ಸತ್ತೂರಿನ ಏರಿನಲ್ಲಿ ಪಂಪಿನ ಮೀಟರ್ ಸೊನ್ನೆಯ ಹತ್ತಿರ, ಮ್ಯಾನಿಫೋಲ್ಡ್ 0.35, ಗೇರು ಎರಡು.

ಆ ಕ್ರಮವೇ ತೀರ್ಪು. ಟರ್ಬೊ ಸೋತಿದ್ದರೆ ಎರಡೂ ಮುಳ್ಳುಗಳು ಕೂಡಿಯೇ ಇಳಿಯಬೇಕಿತ್ತು. ಇಲ್ಲಿ ಮೊದಲು ಬಿದ್ದದ್ದು ಪಂಪಿನ ಬದಿ. ಟರ್ಬೊ ಆಮೇಲೆ ಅದರ ಹಿಂದೆ ಹೋಯಿತು. ಮರಳುವಾಗ ಅಮರಗೋಳದಲ್ಲಿ ಈರುಳ್ಳಿ ಇಳಿಸಿ ಗ್ಯಾರೇಜಿಗೆ ಬಂದೆವು.

ಪೈಪು

ಏರ್ ಹೋಸಿನ ಕೆಳಗೆ ಆಯಿಲ್, ಧೂಳು ಮೆತ್ತಿಕೊಂಡು ಕಪ್ಪಗೆ ಮಲಗಿದ್ದ ಪೈಪು ಮೊದಲ ನೋಟಕ್ಕೆ ಮಾಮೂಲಿ ರಬ್ಬರ್ ಹೋಸಿನಂತೆಯೇ ಇತ್ತು. ಎರಡೂ ತುದಿ ತಮ್ಮ ತಮ್ಮ ಜಾಗದಲ್ಲಿದ್ದವು. ಆದರೆ ಎಲ್‌ಡಿಎ ಮುಚ್ಚಳದ ಮೇಲೆ, ಪೈಪು ಸೇರುವ ಜಾಗದ ಪಕ್ಕದಲ್ಲಿ, ಎರಡು ಬೆರಳಗಲದಷ್ಟು ಲೋಹ ಹೊಳೆಯುತ್ತಿತ್ತು. ಸುತ್ತಲೂ ಎರೆ ಮಣ್ಣಿನ ಧೂಳು ಅಂಟಿ ಗಟ್ಟಿಯಾಗಿದ್ದರೂ ಅಲ್ಲಿ ಮಾತ್ರ ಯಾರೋ ಊದಿ ತೆಗೆದಂತೆ ಬೀಸಣಿಗೆಯಾಕಾರದ ಸ್ವಚ್ಛ ಜಾಗ, ಅದರ ಅಂಚಿನಲ್ಲಿ ತೆಳ್ಳಗೆ ಆಯಿಲ್ ತೇವ. ಟರ್ಬೊದಿಂದ ಬರುವ ಗಾಳಿಯಲ್ಲಿ ಸ್ವಲ್ಪ ಆಯಿಲ್ ಮಂಜು ಇದ್ದೇ ಇರುತ್ತದೆ. ಸೋರಿಕೆ ತನ್ನ ಗುರುತನ್ನು ತಾನೇ ಬರೆದಿತ್ತು.

ಪೈಪಿಗೆ ಸುತ್ತಿದ್ದ ಕಪ್ಪು ಇನ್ಸುಲೇಷನ್ ಟೇಪು ಬಿಚ್ಚಿದಾಗ ಒಳಗಿದ್ದದ್ದು ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪಿವಿಸಿ ಪೈಪು. ಬಿಸಿಗೆ ಹಳದಿಯಾಗಿತ್ತು. ತುದಿಯಲ್ಲಿ ಕ್ಲಿಪ್ಪಿನ ಬದಲು ಕಬ್ಬಿಣದ ಕಟ್ಟುತಂತಿ ಸುತ್ತಿ ಇಕ್ಕಳದಿಂದ ತಿರುಚಿದ್ದರು. ತಂತಿ ಪೈಪಿನೊಳಕ್ಕೆ ಕಚ್ಚಿಕೊಂಡು, ಅದರ ಪಕ್ಕದಲ್ಲಿ ಉಗುರಿನ ಗೀಚಿನಷ್ಟು ಸೀಳು ಬಿದ್ದಿತ್ತು. ಪೈಪು ತಣ್ಣಗಿದ್ದಾಗ ಗಟ್ಟಿಯಾಗಿ ಸೀಳಿನ ತುಟಿಗಳು ಕೂಡಿಕೊಳ್ಳುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿಗೆ ಮೆತ್ತಗಾದಾಗ ಒಳಗಿನ ಒತ್ತಡಕ್ಕೆ ತೆರೆದುಕೊಳ್ಳುತ್ತವೆ.

ಇಷ್ಟು ಸಣ್ಣ ಸೀಳಿಗೆ ಒತ್ತಡ ಪೂರ್ತಿ ಹೋಗುತ್ತದೆಯೇ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮ್ಯಾನಿಫೋಲ್ಡಿನ ಬದಿಯ ಬ್ಯಾಂಜೊ ಬೋಲ್ಟಿನ ರಂಧ್ರ ದಬ್ಬಣ ತೂರುವಷ್ಟೇ ಇರುತ್ತದೆ. ಅಷ್ಟು ಕಿರಿದಾದ ಬಾಯಿಯಿಂದ ಬರುವ ಗಾಳಿಯನ್ನು ಈಚೆ ಬದಿಯ ಅಷ್ಟೇ ಗಾತ್ರದ ಸೀಳು ಹೊರಬಿಟ್ಟರೆ ಪೊರೆಯನ್ನು ತಳ್ಳಲು ಏನೂ ಉಳಿಯುವುದಿಲ್ಲ. ದೊಡ್ಡ ಏರ್ ಹೋಸಿನಲ್ಲಿ ಇದೇ ಸೀಳಿದ್ದರೆ ಚಾಲಕನಿಗೆ ಗೊತ್ತೂ ಆಗುತ್ತಿರಲಿಲ್ಲ.

ಮಾಲೀಕರ ಕಣ್ಣೆದುರಿಗೆ ಖಾತ್ರಿ ಮಾಡಿದೆವು. ಪೈಪನ್ನು ಜೋಡಣೆ ಸಮೇತ ಇಳಿಸಿ, ಒಂದು ತುದಿ ಮುಚ್ಚಿ, ಸೈಕಲ್ ಪಂಪಿನಿಂದ 0.7 ಬಾರ್ ತುಂಬಿ, ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ. ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ ಮೇಲೆ ಸುರಿದಾಗ ತಂತಿಯ ಬುಡದಲ್ಲಿ ಗುಳ್ಳೆಗಳು ಉಕ್ಕಿದವು. ಅದೇ ಸೈಕಲ್ ಪಂಪನ್ನು ನೇರವಾಗಿ ಎಲ್‌ಡಿಎಗೆ ಕೊಟ್ಟು ನೋಡಿದೆವು. ಒತ್ತಡ ನಿಂತಿತು, ಅಂದರೆ ಒಳಗಿನ ಪೊರೆ ಹರಿದಿಲ್ಲ. ಒತ್ತಡ ಇಟ್ಟುಕೊಂಡೇ ಒಮ್ಮೆ ಎಕ್ಸಿಲರೇಟರ್ ಒದ್ದಾಗ ಸೈಲೆನ್ಸರಿನಿಂದ ದಟ್ಟ ಕಪ್ಪು ಹೊಗೆ ಬಂತು. ಅಪ್ಪಣೆ ಸಿಕ್ಕರೆ ಪಂಪ್ ಡೀಸೆಲ್ ಕೊಡುತ್ತದೆ.

"ಈ ತೊಂದರೆ ಶುರುವಾಗುವ ಮೊದಲು ಏನು ಕೆಲಸ ಮಾಡಿಸಿದ್ದಿರಿ ಕಾಕಾ?" ಎಂದೆ.

"ಬೇಸಿಗೆಯಲ್ಲಿ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹಾಕಿಸಿದ್ದೆ ತಮ್ಮಾ. ಅದು ರಸ್ತೆಯ ಬದಿಯಲ್ಲಿ, ಅರ್ಧ ದಿನದ ಕೆಲಸ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಮ್ಯಾನಿಫೋಲ್ಡ್ ಇಳಿಸುವಾಗ ಮೂಲದ ಉಕ್ಕಿನ ಪೈಪು ಮುರಿದಿರಬೇಕು. ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸಿದ್ದಾರೆ. ಪೈಪು ಮೆತ್ತಗಾಗಿ ತಂತಿ ಕಚ್ಚಲು ಕೆಲವು ವಾರ ಹಿಡಿದದ್ದರಿಂದ ಆ ಕೆಲಸಕ್ಕೂ ಈ ದೋಷಕ್ಕೂ ಗಂಟು ಹಾಕುವುದು ಯಾರಿಗೂ ಹೊಳೆದಿಲ್ಲ. ಆ ಅರ್ಧ ದಿನದ ಕೆಲಸಕ್ಕೆ ಚೀಲದಲ್ಲಿ ರಸೀದಿಯೂ ಇರಲಿಲ್ಲ.

ರಿಪೇರಿಯ ನಂತರ

ಹೊಸ ಉಕ್ಕಿನ ಪೈಪು, ನಾಲ್ಕು ತಾಮ್ರದ ವಾಷರ್. ಎಲ್ಲ ₹500ರೊಳಗೆ ಮುಗಿಯಿತು. ಬ್ಯಾಂಜೊ ಬೋಲ್ಟಿನ ರಂಧ್ರದಲ್ಲಿ ಮಸಿ ಕಟ್ಟಿದ್ದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೆಳುವಾದ ತಂತಿಯಿಂದ ತೆಗೆದೆವು. ಡ್ರಿಲ್ ಹಾಕಿ ದೊಡ್ಡದು ಮಾಡುವವರಿದ್ದಾರೆ. ಆ ರಂಧ್ರ ಕಿರಿದಾಗಿರುವುದೇ ಒತ್ತಡದ ಏರಿಳಿತ ಪೊರೆಗೆ ಬಡಿಯದಿರಲೆಂದು.

ಮತ್ತೆ ಭಾರ ತುಂಬಿಸಿ ಅದೇ ಏರಿಗೆ ಹೋದಾಗ ಎರಡೂ ಮುಳ್ಳುಗಳು ಕೊನೆಯವರೆಗೆ ಜೊತೆಯಾಗಿ 0.8ರಲ್ಲಿ ನಿಂತವು. ಗಾಡಿ ನಾಲ್ಕನೆಯ ಗೇರಿನಲ್ಲೇ ಸತ್ತೂರು ಹತ್ತಿತು. ಆದರೆ ಹಿಂದೆ ನೋಡಿದರೆ ಕಪ್ಪು ಹೊಗೆಯ ಮೋಡ. ಇಷ್ಟು ಹೊಗೆ ಬರಬಾರದು.

ಹೊರಡುವಾಗಿನ ಆ ಒಂದು ಗುಕ್ಕು ಹೊಗೆಯ ಅರ್ಥ ಈಗ ಸಿಕ್ಕಿತು. ಪಂಪ್ ಹೆಚ್ಚೆಂದರೆ ಎಷ್ಟು ಡೀಸೆಲ್ ಕೊಡಬೇಕೆಂದು ನಿಗದಿ ಮಾಡುವ, ಹಿಂಭಾಗದ ಫುಲ್ ಲೋಡ್ ಸ್ಕ್ರೂವಿನ ಲಾಕ್ ನಟ್ಟಿನ ಮೇಲೆ ಹೊಸ ಸ್ಪ್ಯಾನರ್ ಗಾಯವಿತ್ತು. ಬೆಂಚಿನವರು ಕ್ಯಾಲಿಬ್ರೇಷನ್ ಮುಗಿಸಿ ಸ್ಕ್ರೂವಿನ ಮೇಲೂ ನಟ್ಟಿನ ಮೇಲೂ ಸೇರಿಸಿ ಎಳೆದಿದ್ದ ಹಳದಿ ಬಣ್ಣದ ಗೆರೆ ಕಾಲು ಸುತ್ತಿನಷ್ಟು ತುಂಡಾಗಿ ನಿಂತಿತ್ತು. ಬೆಂಚಿನಿಂದ ಬಂದ ಪಂಪ್ ಕೂರಿಸಿದ ಮೇಲೂ ಎಳೆತ ಬಾರದ್ದಕ್ಕೆ ಯಾರೋ ಸ್ಕ್ರೂ ಒಳಗೆ ತಿರುಗಿಸಿ ಡೀಸೆಲ್ ಹೆಚ್ಚಿಸಿದ್ದರು. ಒತ್ತಡ ಹುಟ್ಟುವ ಮೊದಲು, ಅಂದರೆ ನಿಂತಲ್ಲಿಂದ ಹೊರಡುವಾಗ, ಆ ಹೆಚ್ಚುವರಿ ಡೀಸೆಲ್ ಹೊಗೆಯಾಗುತ್ತಿತ್ತು. ಏರಿನಲ್ಲಿ 0.35 ಬಾರ್ ಗಾಳಿ ಅದನ್ನು ಉರಿಸಲು ಸಾಕಾಗುತ್ತಿತ್ತು. ಎಳೆತವಿಲ್ಲ ಎಂದ ಕೂಡಲೇ ಈ ಸ್ಕ್ರೂವಿಗೆ ಕೈ ಹಾಕುವ ಚಾಳಿ ನಮ್ಮ ಕಸುಬಿನಲ್ಲಿ ಬಹಳ ಹಳೆಯದು. ಎಂಜಿನ್ ಅತಿಯಾಗಿ ಕಾಯ್ದು ಪಿಸ್ಟನ್ ಕರಗಿದ ಮೇಲೆ ಬಯ್ಯಿಸಿಕೊಳ್ಳುವುದು ಮಾತ್ರ ಡೀಸೆಲ್ ಬಂಕಿನವರು.

ಗೆರೆ ಕೂಡುವಂತೆ ಸ್ಕ್ರೂ ಹಿಂದಕ್ಕೆ ತಿರುಗಿಸಿ ನಟ್ ಬಿಗಿದೆವು. ಬಿಎಸ್ 4 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) ಗಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ದಟ್ಟತೆಯ ಮಿತಿ 65 ಹಾರ್ಟ್ರಿಜ್ ಯೂನಿಟ್. ಇದು 46 ತೋರಿಸಿತು. ಏರಿನಲ್ಲಿ ಎಳೆತವೂ ಕಡಿಮೆಯಾಗಲಿಲ್ಲ.

ಪಂಪ್ ಕ್ಯಾಲಿಬ್ರೇಷನ್ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಚೀಟಿಯಲ್ಲಿ ಸರಿಯಿದೆ ಎಂದು ಬರೆಯುವಾಗ ಎಲ್‌ಡಿಎಗೆ ಎಷ್ಟು ಬಾರ್ ಗಾಳಿ ಕೊಟ್ಟು ನೋಡಿದ್ದು, ಗಾಳಿ ಇಲ್ಲದೆ ಎಷ್ಟು ಡೀಸೆಲ್ ಬಂತು ಎಂಬ ಎರಡು ಅಂಕಿಗಳನ್ನೂ ಬರೆದುಕೊಡಿ. ಗಾಡಿಗೆ ಪಂಪ್ ಕೂರಿಸುವವನು ಅದನ್ನು ಓದಿದರೆ ಮೊದಲು ಆ ಪೈಪನ್ನು ಮುಟ್ಟಿ ನೋಡುತ್ತಾನೆ.

ಮಾಲೀಕರು ಬಿಚ್ಚಿದ ಹಳೆಯ ಟರ್ಬೊವನ್ನು ಸೀಟಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ತೆಗೆಸಿ ಶಾಫ್ಟ್ ಅಲುಗಿಸಿ ನೋಡಿದೆ. ಉದ್ದಕ್ಕೆ ಆಟವಿಲ್ಲ, ರೆಕ್ಕೆಗಳ ಅಂಚು ಎಲ್ಲಿಯೂ ಉಜ್ಜಿಲ್ಲ. ಮಾರುವುದು ಬೇಡ, ಎರಡೂ ಬಾಯಿಗೆ ಬಟ್ಟೆ ಕಟ್ಟಿ ಮನೆಯಲ್ಲಿಟ್ಟುಕೊಳ್ಳಿ ಎಂದೆ. ಹೊಸದಾಗಿ ಹಾಕಿದ್ದಕ್ಕಿಂತ ಅದೇ ಒಂದು ಕೈ ಮೇಲಿತ್ತು.